ಹಿನಕಲ್ ಮನೆಯ ಮೇನ್ ಸ್ವಿಚ್

ನಾವಿಬ್ಬರು ಗೆಳೆಯರು ಸೇರಿ ಮನೆಮನೆಗೆ ಇಂಟರ್ನೆಟ್ ಕೊಡುತ್ತೇವೆ ಅಂತ ಹೊರಟಾಗ ಮೈಸೂರಿನಲ್ಲಿ ಇಂಟರ್ನೆಟ್ ಅಂದರೆ ಸೈಬರ್ ಕೆಫೆಯ ಪ್ಲೈವುಡ್ ಗೂಡು. ಕಂಪನಿ ಅಂತ ನಾನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆನೇ ಹೊರತು ಇದ್ದದ್ದು ಒಂದು ಬಾಡಿಗೆ ಕೋಣೆ, ಒಂದು ಏಣಿ, ನನ್ನ ಹಳೇ ಸ್ಕೂಟರ್. ಗೋಕುಲಂನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದ ವಿದೇಶಿಯರು ನಮ್ಮ ಮೊದಲ ಗಿರಾಕಿಗಳು. ಅಲ್ಲಿಂದ ತಾರಸಿಯಿಂದ ತಾರಸಿಗೆ, ತೆಂಗಿನಮರದಿಂದ ಕಂಬಕ್ಕೆ ಕೇಬಲ್ ಎಳೆಯುತ್ತಾ ಹಿನಕಲ್ ತಲುಪಿದೆವು.

ಕೇಬಲ್ ದೂರ ಹೋದಂತೆ ನಡುವೆ ಅಲ್ಲಲ್ಲಿ ಸಿಗ್ನಲ್ ಮುಂದಕ್ಕೆ ದಾಟಿಸುವ ಒಂದು ಡಬ್ಬ ಕೂರಿಸಬೇಕು. ಅದಕ್ಕೆ ಹಗಲೂ ರಾತ್ರಿ ಕರೆಂಟು ಬೇಕು. ಆಗ ಎಲ್ಲರೂ ಮಾಡುತ್ತಿದ್ದ ಉಪಾಯ ಒಂದೇ: ದಾರಿಯಲ್ಲಿ ಸಿಕ್ಕ ಯಾವುದಾದರೂ ಮನೆಯಿಂದ ಕರೆಂಟು ತೆಗೆದುಕೊಂಡು, ಬದಲಿಗೆ ಆ ಮನೆಗೆ ಕೇಬಲ್ ಟಿವಿ ಬಿಟ್ಟಿ ಕೊಡಿಸುವುದು. ಹಿನಕಲ್‌ನಲ್ಲಿ ನಮಗೆ ಜಾಗ ಕೊಟ್ಟವರು ಗೂಡ್ಸ್ ಆಟೋ ಓಡಿಸುತ್ತಿದ್ದವರೊಬ್ಬರ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಅವರ ಮೆಟ್ಟಿಲ ಕೆಳಗೆ ಡಬ್ಬ ಬಿಗಿದದ್ದಲ್ಲದೆ, ಹೋದಾಗಲೆಲ್ಲ ಕಾಫಿಯನ್ನೂ ಕುಡಿದು ಬರುತ್ತಿದ್ದೆ.

ಭಾನುವಾರ ಬಂತೆಂದರೆ ಹಿನಕಲ್ ಲೈನು ಸತ್ತಿತು ಅಂತಲೇ ಲೆಕ್ಕ. ಅಕ್ಕನ ತಾಯಿ ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದರು. ಹಟಮಾರಿ ಮುದುಕಿ, ಸೊಸೆಯರ ಕೈಲಿ ತಲೆಗೆ ನೀರು ಹಾಕಿಸಿಕೊಳ್ಳರು, ಮಗಳೇ ಬಂದು ಸೀಗೇಪುಡಿ ಉಜ್ಜಬೇಕು. ಅಕ್ಕ ಗಂಡ ಮಕ್ಕಳ ಜೊತೆ ಹೊರಡುವಾಗ ಗ್ಯಾಸ್ ನೋಡಿ, ಮೇನ್ ಸ್ವಿಚ್ ಇಳಿಸಿ, ಬೀಗ ಹಾಕುವರು. ಊರಿಗೆ ಹೋಗುವ ಯಾರಾದರೂ ಮಾಡುತ್ತಿದ್ದದ್ದೇ ಅದು. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗಿರಾಕಿಗಳ ಬೈಗುಳ ತಿಂದು ತಲೆ ಕೆಟ್ಟು ಒಂದು ಸೋಮವಾರ ಹೋಗಿ, ಇಷ್ಟು ಬೀದಿಯವರು ನಿಮ್ಮ ಮನೆ ಕರೆಂಟನ್ನೇ ನಂಬಿದ್ದಾರೆ, ದಯವಿಟ್ಟು ಮೇನ್ ಮುಟ್ಟಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ. ಮೀಟರ್ ಬೋರ್ಡಿನಿಂದ ಡಬ್ಬಕ್ಕೆ ಬೇರೆಯೇ ವೈರು ಎಳೆದರೆ ಈ ರಗಳೆಯೇ ಇರುವುದಿಲ್ಲ ಅಂತ ನನಗೆ ಹೊಳೆಯದೆ ಇರಲಿಲ್ಲ. ಹೊಸ ಕನೆಕ್ಷನ್‌ಗಳ ಗಡಿಬಿಡಿಯಲ್ಲಿ, ಆಮೇಲೆ ನೋಡೋಣ ಅಂದುಕೊಂಡೆ.

“ಆಯ್ತು ಬುಡಪ್ಪ, ನಾನ್ ನೋಡ್ಕತೀನಿ,” ಅಂದರು ಅಕ್ಕ.

ಅಲ್ಲಿಂದ ಮುಂದೆ, ಊರಿಗೇ ಕರೆಂಟು ಹೋದಾಗ ಬಿಟ್ಟರೆ, ಆ ಲೈನು ಕೈಕೊಡಲಿಲ್ಲ. ಹಿನಕಲ್ ಉದಾಹರಣೆ ಕೊಟ್ಟೇ ಮಂಡಿ ಮೊಹಲ್ಲಾದ ವ್ಯಾಪಾರಿಗಳನ್ನು ಒಪ್ಪಿಸಿದೆ. ಕೋಣೆ ಹೋಗಿ ಆಫೀಸಾಯಿತು, ಸ್ಕೂಟರ್ ಹೋಗಿ ಬೈಕ್ ಬಂತು. ಭಾನುವಾರ ಆ ಕಡೆ ಹೋದಾಗ ಅಕ್ಕ ಒಬ್ಬರೇ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿರುತ್ತಿದ್ದರು. ಗಂಡ ಮಕ್ಕಳು ಊರಿಗೆ ಹೋಗಿದ್ದಾರೆ ಅನ್ನುತ್ತಿದ್ದರು. ನೀವ್ಯಾಕೆ ಹೋಗಲಿಲ್ಲ ಅಂತ ಕೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಕಾಫಿ ಕುಡಿದು ಬರುತ್ತಿದ್ದೆ.

ಒಂದು ಬೆಳಿಗ್ಗೆ ಲೈನು ಮತ್ತೆ ಸತ್ತಿತು. ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಹೋದರೆ ಮನೆಗೆ ಬೀಗ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಹೇಳಿದರು: “ಅವರವ್ವ ಹೋಗ್ಬುಟ್ರು ಕಣ್ರೀ. ಮೇನ್ ಹಂಗೇ ಬುಟ್ಟು ಬೀಗ ಹಾಕಕ್ಕೆ ಭಯ ಅಂತ ನಿಮ್ಮ ಡಬ್ಬ ಕಾಯ್ಕೊಂಡು ಕೂತಿರೋರು. ಅವ್ವನ ಮೊಕ ನೋಡಿ ವರ್ಷದ ಮೇಲಾಗಿತ್ತು.”

ಮೇನ್ ಮುಟ್ಟಬೇಡಿ ಅಂದರೆ ಹಾಗೇ ಬಿಟ್ಟು ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. ಅವರು ತಾವೇ ಉಳಿದುಬಿಟ್ಟಿದ್ದರು. ಅವತ್ತು ಫೋನು ಹೊಡೆದುಕೊಳ್ಳುತ್ತಲೇ ಇತ್ತು, ನಾನು ಎತ್ತಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಗಿತ್ತು.

ತಿಥಿ ಮುಗಿಸಿ ಅವರು ವಾಪಸು ಬಂದ ಮೇಲೆ ವೈರು, ಒಂದು ಸ್ವಿಚ್ಚು ಹಿಡಿದು ಹೋದೆ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕನೇ ಮೊದಲು ಬಾಯಿ ಬಿಟ್ಟರು. “ಅವತ್ತು ಜ್ಞಾನನೇ ಇರ್ಲಿಲ್ಲ ಕಣಪ್ಪ, ಮೇನ್ ಇಳಿಸ್ಬುಟ್ಟೆ. ನಿಮ್ಗೆ ತೊಂದ್ರೆ ಆಯ್ತೇನೋ.”

ಮೀಟರ್ ಬೋರ್ಡಿನಿಂದ ಡಬ್ಬಕ್ಕೆ ಬೇರೆ ವೈರು ಎಳೆಯಲು ಕೂತೆ. ಅವರು ಅನ್ನಕ್ಕಿಟ್ಟು ಇಳಿಸುವಷ್ಟರಲ್ಲಿ ಮುಗಿಯಿತು. ಕರೆದು, ಮನೆಯ ಮೇನ್ ಇಳಿಸಿ ತೋರಿಸಿದೆ. ಫ್ಯಾನು ನಿಂತಿತು, ಡಬ್ಬದ ಹಸಿರು ದೀಪ ಉರಿಯುತ್ತಲೇ ಇತ್ತು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಆ ದೀಪವನ್ನೇ ನೋಡಿದರು.

“ಇಷ್ಟೇನಾ ಇದ್ದಿದ್ದು ಕೆಲ್ಸ?” ಅಂದರು.