ಸುಣ್ಣದ ಗೆರೆಯ ಮೇಲೆ ಬಿದ್ದ ಚೆಂಡು

ಆ ಚೆಂಡು ಗೆರೆಯ ಮೇಲೇ ಬಿದ್ದಿತ್ತು. ನಾನು ಹೊರಗೆ ಬಿತ್ತು ಅಂದೆ. ಕಣ್ಣು ಮಂಜಾಗಿತ್ತೇನೋ, ಬಿಸಿಲು ಹೊಡೆದಿತ್ತೇನೋ ಎಂದು ಯಾರೂ ನನ್ನ ಪರವಾಗಿ ಮಾತಾಡಬೇಡಿ. ಮಣ್ಣಿನಲ್ಲಿ ಗುಂಡಗೆ ಗುರುತು ಮೂಡಿತ್ತು, ಅದರ ಅರ್ಧ ಸುಣ್ಣದ ಮೇಲಿತ್ತು. ಬಗ್ಗಿ ನೋಡಿದೆ. ನೋಡಿಯೇ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಸೋತವಳು ನನ್ನ ಮೊಮ್ಮಗಳು ಚಂದ್ರಕಲಾ. ಗೆದ್ದವಳು ಅಕ್ಕಿ ಗಿರಣಿ ಮನೆಯ ಶ್ರೇಯಾ.

ಸ್ವಂತ ಮೊಮ್ಮಗಳ ವಿರುದ್ಧ ಯಾವ ಅಜ್ಜಿಯಾದರೂ ಸುಳ್ಳು ಹೇಳುತ್ತಾಳೆಯೇ ಎಂದು ಕೇಳುತ್ತೀರಿ. ಅವತ್ತು ಅಲ್ಲಿದ್ದವರೂ ಹಾಗೇ ಅಂದುಕೊಂಡರು. ಅದಕ್ಕೇ ನಂಬಿದರು. ಅದಕ್ಕೇ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕೊಳ್ಳೇಗಾಲದ ನಮ್ಮ ಕ್ಲಬ್ಬಿನಲ್ಲಿ ಒಂದು ಟೆನಿಸ್ ಅಂಗಳವಿದೆ, ಮಣ್ಣಿನದು. ನನ್ನ ಗಂಡ ಅಲ್ಲಿ ಮಾರ್ಕರ್ ಆಗಿದ್ದ — ಅಂಗಳ ನೋಡಿಕೊಳ್ಳುವುದು, ಆಳು ಕಡಿಮೆ ಬಿದ್ದಾಗ ಸಾಹೇಬರ ಜೊತೆ ಆಡುವುದು, ಆಡಿ ಸೋಲುವುದು. ಅವನು ಸತ್ತ ಮೇಲೆ ನೀರು ಹಾಕುವುದು, ಉರುಳುಗಲ್ಲು ಎಳೆಯುವುದು, ಹಗ್ಗ ಹಿಡಿದು ಸುಣ್ಣದ ಗೆರೆ ಹಾಕುವುದು ನನ್ನ ಪಾಲಿಗೆ ಬಂತು. ಚಂದ್ರಿಯ ಅಪ್ಪ ಅವ್ವ ಮಾಂಬಳ್ಳಿಯಲ್ಲಿ ಬೇಸಾಯ ಮಾಡುತ್ತಿದ್ದರು. ಮಗು ಪಟ್ಟಣದ ಸ್ಕೂಲಿಗೆ ಹೋಗಲಿ ಎಂದು ನನ್ನ ಹತ್ತಿರ ಬಿಟ್ಟಿದ್ದರು. ಸ್ಕೂಲು ಬಿಟ್ಟ ಮೇಲೆ ಆ ಹುಡುಗಿ ತಾತನ ಹಳೇ ರ‍್ಯಾಕೆಟ್ಟು ಹಿಡಿದು ಪಂಪ್‌ಹೌಸಿನ ಗೋಡೆಗೆ ಚೆಂಡು ಬಡಿಯುತ್ತಿತ್ತು. ಗೋಡೆಯ ಗಾರೆ ಉದುರಿಹೋಯಿತೇ ಹೊರತು ಇವಳು ನಿಲ್ಲಿಸಲಿಲ್ಲ.

ಶ್ರೇಯಾಳೂ ಚಂದ್ರಿಯ ವಯಸ್ಸಿನವಳೇ. ಅವಳ ತಾಯಿ ಗಿರಿಜಮ್ಮ ಸ್ಕೂಟರಿನಲ್ಲಿ ಕರೆದುಕೊಂಡು ಬರುತ್ತಿದ್ದಳು. ಕ್ಲಬ್ಬಿನ ಸೆಕ್ರೆಟರಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಅಲ್ಲಿಂದ ಶುರುವಾಯಿತು ನೋಡಿ, ಇವತ್ತಿಗೂ ಮುಗಿಯದ ಹಣಾಹಣಿ. ಆಟದಲ್ಲಿ ಕಚ್ಚಾಡುತ್ತಿದ್ದರು, ಆಮೇಲೆ ನಮ್ಮ ಕೊಡದಿಂದಲೇ ಇಬ್ಬರೂ ನೀರು ಕುಡಿಯುತ್ತಿದ್ದರು.

"ಇವತ್ತು ನೀನು ಅಳ್ತಾ ಮನೆಗೋಯ್ತೀಯ, ನೋಡ್ಕೊ."

"ಓಗೇ, ನೀನು ಬಾರ್ಸೋ ಚೆಂಡು ನಮ್ ಗಿರಣಿ ತಗಡಿನ್ ಮ್ಯಾಲೆ ಬೀಳ್ತದೆ. ಗುರಿ ಇಲ್ದೋಳೆ!"

ಅವರಿಬ್ಬರಲ್ಲಿ ವಿಷ ಇರಲಿಲ್ಲ. ಇದ್ದದ್ದು ಬಲೆಯ ಆಚೆ ಕುರ್ಚಿ ಹಾಕಿಕೊಂಡು ಕೂತ ಗಿರಿಜಮ್ಮನ ನಾಲಿಗೆಯಲ್ಲಿ. ಮಗಳು ಸೋತ ದಿನವೆಲ್ಲ ಪಕ್ಕದವರಿಗೆ ಹೇಳುವಂತೆ ನನಗೆ ಹೇಳುತ್ತಿದ್ದಳು.

"ಗೆರೆ ಆಕೋರೂ ಅವ್ರೇ, ಗೆಲ್ಲೋರೂ ಅವ್ರೇ. ಇನ್ನೇನು ಬುಡಿ."

ಇನ್ನೊಂದು ದಿನ — "ಏನ್ರಮ್ಮ, ಗೆರೆ ವಸಿ ಅತ್ತಗೆ ಸರ್ದಂಗದೆ? ಮೊಮ್ಮಗಳ ಕೈಗೆ ತಕ್ಕಂಗೆ ಎಳದ್ರಾ?"

"ಬನ್ನಿ, ನೀವೇ ಬಂದು ಎಳೀರಿ. ಸೀರೆ ಕೊಳೆಯಾಯ್ತದೆ ಅಷ್ಟೆ" ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ನನಗೆ ಮಾತ್ರ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಯಿತು. ಕಳ್ಳಿ ಎಂಬ ಪದ ಬಳಸದೆ ನನ್ನನ್ನು ಕಳ್ಳಿ ಅಂದಿದ್ದಳು, ಅದೂ ನಾಲ್ಕು ಜನರ ಮುಂದೆ. ಅಲ್ಲಿಂದಾಚೆಗೆ ಹಗ್ಗ ಎಳೆದು, ಬಿಚ್ಚಿ, ಮತ್ತೆ ಎಳೆದು ನೋಡುತ್ತಿದ್ದೆ. ಚಂದ್ರಿ ಚೆನ್ನಾಗಿ ಹೊಡೆದಾಗ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಮಗು ಒಂದು ಒಳ್ಳೆ ಏಟು ಹೊಡೆದು ನನ್ನ ಕಡೆ ತಿರುಗುತ್ತಿತ್ತು. ನಾನು ಪೊರಕೆ ಹುಡುಕುವವಳ ಹಾಗೆ —

ಇರಲಿ. ಆ ದಿನದ ಮಾತಿಗೆ ಬರುತ್ತೇನೆ.

ಮೈಸೂರಿನ ತರಬೇತಿಗೆ ನಮ್ಮ ಕ್ಲಬ್ಬಿನಿಂದ ಒಬ್ಬಳನ್ನು ಕಳಿಸುವುದೆಂದಾಯಿತು. ಊಟ, ವಸತಿ, ಕಲಿಸುವವರು ಎಲ್ಲ ಅವರದೇ. ಇಬ್ಬರೂ ಆಡಲಿ, ಗೆದ್ದವಳು ಹೋಗಲಿ ಎಂದರು ಸೆಕ್ರೆಟರಿ. ಆಟ ಎಳೆದೂ ಎಳೆದೂ ಚಂದ್ರಿಗೆ ಇನ್ನೊಂದೇ ಒಂದು ಚೆಂಡು ಬಂದರೆ ಗೆಲುವು ಎಂಬಲ್ಲಿಗೆ ಬಂತು. ಅವಳು ಮೂಲೆಗೆ ಉದ್ದಕ್ಕೆ ಬಾರಿಸಿದಳು. ಶ್ರೇಯಾ ಓಡಿದಳು, ಎಟುಕಲಿಲ್ಲ, ಜಾರಿ ಬಿದ್ದಳು. ಗೆರೆಯನ್ನು ಚೂರು ಮುಟ್ಟಿದರೂ ಚೆಂಡು ಒಳಗೆ ಎಂದೇ ಲೆಕ್ಕ, ಅದು ಆ ಆಟದ ಕಾನೂನು. ಮುಟ್ಟಿತೋ ಇಲ್ಲವೋ ಎಂಬುದೇ ಪ್ರಶ್ನೆ.

"ನಂಗೆ ಕಾಣ್ಲಿಲ್ಲ" ಅಂದಳು ಶ್ರೇಯಾ, ಎದ್ದು ಮೊಣಕಾಲು ಒರೆಸಿಕೊಳ್ಳುತ್ತ. ಆ ಮಗು ಸುಳ್ಳು ಹೇಳಲಿಲ್ಲ.

"ಒಳ್ಗೇ ಬಿತ್ತು. ನಾನ್ ನೋಡ್ದೆ" ಅಂದಳು ಚಂದ್ರಿ.

"ಅಷ್ಟು ದೂರದಿಂದ ಎಂಗ್ ಕಂಡದು ನಿಂಗೆ?" ಎಂದು ಗಿರಿಜಮ್ಮ ಕುರ್ಚಿ ಬಿಟ್ಟು ಎದ್ದಳು.

ಸೆಕ್ರೆಟರಿ ಕೈ ಎತ್ತಿದರು. "ಜಗಳ ಬ್ಯಾಡ. ಅಜ್ಜಿ ಆ ಮೂಲೇಲೇ ನಿಂತಿದ್ರಲ್ಲ, ಅವ್ರೇ ಏಳ್ಲಿ."

"ಏಳ್ಲಿ, ಏಳ್ಲಿ. ಏನ್ ಏಳ್ತಾರೆ ಅಂತ ನಂಗೊತ್ತಿಲ್ವಾ?" ಅಂದಳು ಗಿರಿಜಮ್ಮ.

ನಾನು ಬಗ್ಗಿದೆ. ಗುರುತು ಕಂಡಿತು. ಆಗ ನನ್ನ ತಲೆಯಲ್ಲಿ ಚಂದ್ರಿ ಇರಲಿಲ್ಲ, ಮೈಸೂರು ಇರಲಿಲ್ಲ, ಗಾರೆ ಉದುರಿದ ಗೋಡೆ ಇರಲಿಲ್ಲ. ಆ ಹೆಂಗಸಿನ ಮೂತಿ ಇತ್ತು. ಇವತ್ತು ಇದನ್ನು ಮುಚ್ಚಿಸಬೇಕು — ಇಷ್ಟೇ.

"ಒರ್ಗೆ ಬಿದ್ದದೆ" ಅಂದೆ. ಅಂದು, ಗುರುತನ್ನು ಕಾಲಿನಿಂದ ಸವರಿಬಿಟ್ಟೆ.

ಆಮೇಲೆ ಚಪ್ಪಾಳೆ. ಸೆಕ್ರೆಟರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗಿರಿಜಮ್ಮನ ಮುಖ ಹುಣಸೆಹಣ್ಣು ತಿಂದವಳ ಹಾಗೆ ಕಿವುಚಿಕೊಂಡಿತು. ಮತ್ತು ನಾನು — ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ — ಖುಷಿಪಟ್ಟೆ. ಎದೆ ಉಬ್ಬಿಸಿ ನಿಂತೆ. ಚಂದ್ರಿಯ ಕಡೆ ನೋಡಲೂ ಇಲ್ಲ.

ಅವಳು ಆ ಆಟ ಸೋತಳು. ಒಂದು ಚೆಂಡು ಹೋದರೇನು, ಆಮೇಲೂ ಆಡಿ ಗೆಲ್ಲಬಹುದಿತ್ತಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಆಮೇಲೆ ಅವಳು ಆಡಲೇ ಇಲ್ಲ, ಸುಮ್ಮನೆ ಕೈ ಬೀಸಿದಳು.

ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಕೇಳಿದಳು.

"ಅಜ್ಜಿ, ಸರ್ಯಾಗಿ ನೋಡ್ದಾ?"

"ನೋಡ್ದೆ ಕನ ಕೂಸೆ."

"ನಂಗೆ ಸುಣ್ಣದ ದೂಳು ಎದ್ದದ್ದು ಕಾಣ್ತು."

ಆಗಲಾದರೂ ಹೇಳಬಹುದಿತ್ತು. ಯಾರಿರಲಿಲ್ಲ, ನಾವಿಬ್ಬರೇ. ನಾನು ಹೇಳಿದ್ದೇನು ಗೊತ್ತೇ? "ನಿನ್ ಕಣ್ಣಲ್ಲಿ ಗೆಲ್ಲೋ ಆಸೆ ಕೂತಿತ್ತು. ಅದ್ಕೆ ಅಂಗ್ ಕಂಡದೆ."

ಅವಳು ತಲೆಯಾಡಿಸಿದಳು. ಅತ್ತಿದ್ದರೆ, ತಟ್ಟೆ ಎಸೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅವಳು ನಂಬಿದಳು. ತನ್ನ ಕಣ್ಣಿಗಿಂತ ಅಜ್ಜಿ ದೊಡ್ಡವಳು ಎಂದುಕೊಂಡು ಮುದ್ದೆ ಮುರಿದಳು.

ಶ್ರೇಯಾ ಮೈಸೂರಿಗೆ ಹೋದಳು. ಚಂದ್ರಿ ಕಾಲೇಜಿಗೆಂದು ತನ್ನದೇ ಬಲದಿಂದ ತಡವಾಗಿ ಅಲ್ಲಿಗೆ ಹೋಗಿ, ಎಲ್ಲರಿಗಿಂತ ಹಿಂದಿನಿಂದ ಶುರುಮಾಡಿ ಶ್ರೇಯಾಗೆ ಸರಿಸಮಳಾದಳು. ಒಂದು ಸಲ ಇವಳು ರಾಜ್ಯಕ್ಕೆ ಚಾಂಪಿಯನ್ ಆದರೆ ಇನ್ನೊಂದು ಸಲ ಅವಳು. ಆದರೆ ಇಬ್ಬರೂ ಎದುರಾದಾಗ ಗೆಲ್ಲುವವಳು ಹೆಚ್ಚಾಗಿ ಶ್ರೇಯಾ. ಯಾಕೆಂದು ನಾನು ಹೋಗಿ ಕೂತು ನೋಡಿದಾಗ ತಿಳಿಯಿತು. ಚಂದ್ರಿ ಗೆರೆಯ ಹತ್ತಿರಕ್ಕೆ ಹೊಡೆಯುವುದೇ ಇಲ್ಲ. ಒಂದು ಮೊಳ ಒಳಗೇ ಹಾಕುತ್ತಾಳೆ. ತಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವರೇ ಹೇಳಬೇಕು; ಇವಳು ತನ್ನ ಕಡೆ ಗೆರೆಯ ಆಸುಪಾಸಿನಲ್ಲಿ ಬಿದ್ದ ಚೆಂಡನ್ನೆಲ್ಲ ಎದುರಾಳಿಗೆ ಕೊಟ್ಟುಬಿಡುತ್ತಾಳೆ. ಶ್ರೇಯಾಗೆ ಅದು ಗೊತ್ತು, ಗೆರೆಗೇ ಗುರಿಯಿಟ್ಟು ಬಡಿಯುತ್ತಾಳೆ. ಅದು ಅವಳ ತಪ್ಪಲ್ಲ, ಆಟ.

ಒಂದು ಸಲ ಶ್ರೇಯಾ ಹೊಡೆದು ಗೆರೆಯಿಂದ ಅಂಗೈಯಗಲ ಆಚೆ ಬಿದ್ದ ಚೆಂಡಿಗೂ ಚಂದ್ರಿ ಒಳಗೆ ಎಂದು ಕೈ ತೋರಿಸಿದಳು. ನನ್ನ ಹಿಂದೆ ಕೂತವನೊಬ್ಬ, "ಎಂಥ ಗುಣ ಈ ಹುಡುಗಿದು! ಅಜ್ಜಿ ಕೈಲಿ ಬೆಳ್ದೋಳಂತೆ" ಅಂದ. ತಿರುಗಿ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಬೇಕಾದ ಮುಖ ಅವನದಾಗಿರಲಿಲ್ಲ.

"ಯಾಕವ್ವ ಬುಟ್ಕೊಟ್ಟೆ?" ಎಂದು ಆಟ ಮುಗಿದ ಮೇಲೆ ಕೇಳಿದೆ.

"ನನ್ ಕಣ್ಣು ನಂಬಂಗಿಲ್ಲ ಅಜ್ಜಿ. ನೀನೇ ಏಳಿದ್ದಲ್ವಾ, ಆಸೆ ಕಣ್ಣು ಅಂತ?" ಎಂದು ನಕ್ಕಳು.

ಆಗಲೂ ಹೇಳಲಿಲ್ಲ. ನ್ಯಾಯವಂತೆ ಎಂದು ಊರು ಕರೆಯುವುದು ರುಚಿಯಾಗಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು, ಜಗಳಗಳಲ್ಲಿ ನನ್ನ ಮಾತು ಕೇಳುತ್ತಿದ್ದರು. ಮೊಮ್ಮಗಳ ಕಣ್ಣು ಕಿತ್ತು ನಾನು ಮರ್ಯಾದೆ ತಿನ್ನುತ್ತಿದ್ದೆ.

ಹೋದ ತಿಂಗಳು ಯಳಂದೂರಿನಲ್ಲಿ ಇಬ್ಬರಿಗೂ ಸನ್ಮಾನ ಇಟ್ಟುಕೊಂಡಿದ್ದರು. ಪಕ್ಕದ ಮಾಂಬಳ್ಳಿಯವಳೆಂದು ಚಂದ್ರಿಗೆ, ತಾಯಿಯ ತವರೆಂದು ಶ್ರೇಯಾಗೆ. ಶ್ರೇಯಾ ಮೈಕ್ ಹಿಡಿದು, "ನನ್ನ ಮೊದಲ ದೊಡ್ಡ ಗೆಲುವನ್ನು ಕೊಟ್ಟದ್ದು ನನ್ನ ಕೈಯಲ್ಲ, ಚಂದ್ರಿಯ ಅಜ್ಜಿಯ ಸತ್ಯ" ಎಂದಳು. ಜನ ಎದ್ದು ನಿಂತರು. ನನ್ನನ್ನು ವೇದಿಕೆಗೆ ಹತ್ತಿಸಿದರು. ಗಿರಿಜಮ್ಮನೇ ಬಂದು ಶಾಲು ಹೊದಿಸಿದಳು. ನಾನು ಕತ್ತು ಬಗ್ಗಿಸಿದೆ, ಹೊದ್ದುಕೊಂಡೆ. ಕೆಳಗೆ ಚಂದ್ರಿ ಚಪ್ಪಾಳೆ ತಟ್ಟುತ್ತಿದ್ದಳು. ತನ್ನನ್ನು ಸೋಲಿಸಿದ ಸುಳ್ಳಿಗೆ ಅವಳೇ ಚಪ್ಪಾಳೆ ತಟ್ಟುತ್ತಿದ್ದಳು! ಆಗ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಕೋಪ. ನಾನು ಸತ್ತರೆ ಹೆಣದ ಮುಂದೆಯೂ ಇದನ್ನೇ ಹೇಳುತ್ತಾರೆ, ಇವಳು ನಿಂತು ಕೇಳುತ್ತಾಳೆ. ಥೂ.

ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ, ಕೊಳ್ಳೇಗಾಲದ ಬಸ್ಸು ಕಾಯುತ್ತ ಹೇಳಿಬಿಟ್ಟೆ. ಚೆಂಡು ಗೆರೆ ಮೇಲಿತ್ತು ಕನ ಕೂಸೆ, ನಾನು ನೋಡಿದ್ದೆ.

ಅವಳು ನನ್ನ ಕಡೆ ತಿರುಗಿದಳು.

"ಯಾಕೆ?"

"ಗಿರಿಜಮ್ಮನ ಬಾಯಿ ಮುಚ್ಚುಸ್ಬೇಕಾಗಿತ್ತು."

"ಅಷ್ಟೇಯಾ?"

"ಅಷ್ಟೆ."

ಬೇರೆ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ.

"ನಾನೀಗ ಯಾವ್ದ ನಂಬ್ಲಿ?" ಅಂದಳು. ದನಿ ಏರಿಸಲಿಲ್ಲ. "ಅವತ್ತು ನೋಡ್ದೆ ಅಂದೋಳೂ ನೀನೇ, ಇವತ್ತು ನೋಡ್ದೆ ಅನ್ನೋಳೂ ನೀನೇ."

ಮೈಸೂರಿನ ಬಸ್ಸು ಬಂತು. ಹತ್ತಿ ಹೋದಳು. ಆಮೇಲೆ ಫೋನು ಎತ್ತಿಲ್ಲ.

ಮಾರನೆಯ ದಿನ ಗಿರಣಿ ಮನೆಗೆ ಹೋದೆ. ತಾಯಿ, ಮಗಳು ಇಬ್ಬರೂ ಇದ್ದರು. ನಿಂತುಕೊಂಡೇ ಹೇಳಿದೆ. ನಿಮ್ಮ ಚುಚ್ಚುಮಾತಿಗೆ ಹೆದರಿ ಹಾಗೆ ಮಾಡಿದೆ ಎಂದೂ ಹೇಳಿದೆ. ಗಿರಿಜಮ್ಮ ಬಾಯಿ ತೆರೆದು ಕೂತಳು.

"ನಾನಾ? ಗೆರೆ ಸುದ್ದಿ ನಾನೇನಂದಿದ್ದೆ? ತಮಾಸೆಗೆ ಅಂದಿದ್ರೆ ಅಂದಿರ್ಬೋದು ಕನ್ರಮ್ಮ."

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ! ಹೇಳಿದವಳು ಅವತ್ತೇ ಮರೆತು ಮನೆಗೆ ಹೋಗಿದ್ದಳು. ಅದನ್ನು ಹೊತ್ತುಕೊಂಡು, ಸಾಕಿ, ಕೊನೆಗೆ ಮೊಮ್ಮಗಳನ್ನು ಅದರ ಬಾಯಿಗೆ ಹಾಕಿದವಳು ನಾನು.

ಆಮೇಲೆ ಗಿರಿಜಮ್ಮ ನಕ್ಕಳು. "ಗೊತ್ತಾಯ್ತು ಬುಡಿ. ಇತ್ತೀಚ್ಗೆ ಮೊಮ್ಮಗಳು ಸೋಲ್ತಾವ್ಳೆ, ಅದ್ಕೆ ಈಗ ಇಂಗೆ ಏಳ್ಕೊಂಡ್ ಬಂದಿದೀರಿ. ಅಜ್ಜಿ ಕರುಳು, ಏನ್ ಮಾಡಕಾದದು?"

ಶ್ರೇಯಾ ನಗಲಿಲ್ಲ. ಮುಖ ಸುಣ್ಣದಂತಾಗಿತ್ತು. "ಇಷ್ಟ್ ವರ್ಸ ಯಾಕ್ ಸುಮ್ನಿದ್ರಿ?" ಎಂದಷ್ಟೇ ಕೇಳಿ, ಉತ್ತರಕ್ಕೂ ನಿಲ್ಲದೆ ಒಳಗೆ ಹೋದಳು. ಅವಳಿಗೂ ನಾನು ಮಾಡಿದ್ದು ಅನ್ಯಾಯವೇ. ಅವಳು ಕೇಳದ ಗೆಲುವನ್ನು ಅವಳ ತಲೆಗೆ ಕಟ್ಟಿದ್ದೆ.

ಸೆಕ್ರೆಟರಿಗೂ ಹೇಳಿದೆ. "ವಯಸ್ಸಾಯ್ತಲ್ಲಜ್ಜಿ, ಅಂಗೆಲ್ಲ ಅನ್ನಿಸ್ತದೆ" ಎಂದು ಬೆನ್ನು ಸವರಿ ಕಳಿಸಿದರು. ಈಗ ಊರಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ನನ್ನವಳ ವಿರುದ್ಧ ಸುಳ್ಳು ಹೇಳಿದಾಗ ಒಬ್ಬನೂ ಅನುಮಾನಪಡಲಿಲ್ಲ. ನನ್ನವಳ ಪರವಾಗಿ ನಿಜ ಹೇಳಿದರೆ ಒಬ್ಬನೂ ನಂಬುವುದಿಲ್ಲ. ಮೊದಮೊದಲು ಅವರ ಜೊತೆ ಜಗಳಕ್ಕೆ ಬಿದ್ದೆ. ಈಗ ಬಿಟ್ಟಿದ್ದೇನೆ. ಊರು ನನ್ನನ್ನು ಸುಳ್ಳಿ ಅಂದರೂ ಅರಳುಮರಳು ಅಂದರೂ ನನಗೆ ಸಲ್ಲಬೇಕಾದದ್ದಕ್ಕಿಂತ ಅದು ಕಡಿಮೆಯೇ.

ಚಂದ್ರಿ, ಉಳಿದದ್ದು ನಿನಗೆ. ಬೈಯಬೇಕೆನಿಸಿದರೆ ಬಂದು ಬೈದು ಹೋಗು. ಮುಖ ನೋಡಬಾರದೆನಿಸಿದರೆ ಬರಬೇಡ. ಕ್ಷಮಿಸು ಎನ್ನುವುದಿಲ್ಲ. ನಾನು ಈಗ ಹೇಳಿದ್ದನ್ನು ನಂಬು ಎಂದೂ ಕೇಳುವುದಿಲ್ಲ, ಹಾಗೆ ಕೇಳುವ ಬಾಯಿಯನ್ನು ನಾನೇ ಕೆಡಿಸಿಕೊಂಡೆ. ಆದರೆ ಅವತ್ತು ಅಂಗಳದಲ್ಲಿ ಚೆಂಡು ಹೊಡೆದವಳು ನೀನು, ಅದು ಬೀಳುವುದನ್ನು ನೋಡುತ್ತ ನಿಂತವಳೂ ನೀನು. ಏನು ಕಂಡಿತು ಎಂದು ಕಣ್ಣು ಮುಚ್ಚಿ ನೆನೆಸಿಕೊ. ಮನಸ್ಸು ಏನು ಹೇಳುತ್ತದೋ ಅದನ್ನು ಹಿಡಿದುಕೊ. ನನ್ನನ್ನು ಮಾತ್ರ ಕೇಳಬೇಡ.