‘ಗೋ’ ಅನ್ನುವವಳು

ಸಮಾರಂಭ ನಡೆಸುವುದನ್ನೂ ಯೂನಿವರ್ಸಿಟಿಯಲ್ಲಿ ಓದುತ್ತಾರೆ ಎಂದು ಅಕ್ಕನ ಮಗಳು ಹೇಳಿದಾಗ ನಾನು ಮೂಗು ಮುರಿದಿದ್ದೆ.

"ಕುರ್ಚಿ ಹಾಕೋಕೂ ಡಿಗ್ರಿ ಬೇಕೇನೇ?"

"ಕುರ್ಚಿ ಹಾಕೋಕಲ್ಲ ಚಿಕ್ಕಮ್ಮ, ಅದರಲ್ಲಿ ಕೂತೋರು ಎದ್ದು ಹೋಗದ ಹಾಗೆ ಮಾಡೋಕೆ."

ತಾಯಿಯಿಲ್ಲದ ಹುಡುಗಿ, ನನ್ನ ಮನೆಯಲ್ಲೇ ಬೆಳೆದವಳು. ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನೂ ಮೀರಿಸಿದ್ದಳು.

ಅವಳ ಆಸೆ ಒಂದೇ. ವೇದಿಕೆಯ ಪಕ್ಕದಲ್ಲಿ ಹೆಡ್‌ಸೆಟ್ ಹಾಕಿಕೊಂಡು ಇಡೀ ಕಾರ್ಯಕ್ರಮಕ್ಕೆ ಅಪ್ಪಣೆ ಕೊಡುವ ಕೆಲಸ. ದೀಪ, ಸಂಗೀತ, ಪರದೆ, ಎಲ್ಲಕ್ಕೂ ಅಪ್ಪಣೆ ‘ಗೋ’ ಎಂಬ ಒಂದೇ ಅಕ್ಷರ. ಅದನ್ನು ಸುಮ್ಮಸುಮ್ಮನೆ ಆಡುವ ಹಾಗಿಲ್ಲ, ಕೇಳಿದವರು ಯೋಚಿಸುತ್ತ ನಿಲ್ಲುವ ಹಾಗೂ ಇಲ್ಲ. ಮನೆಯಲ್ಲೂ ಅದೇ ಅಭ್ಯಾಸ. ಅವಳು "ರೆಡಿ... ಗೋ" ಅಂದಮೇಲೇ ನಾನು ಕುಕ್ಕರಿನ ಒಲೆ ಆರಿಸಬೇಕು. ಮೈ ಉರಿಯುತ್ತಿತ್ತು, ನಗುವೂ ಬರುತ್ತಿತ್ತು.

ಕೊನೆಯ ಪರೀಕ್ಷೆಯೆಂದರೆ ನಿಜವಾದ ಒಂದು ಕಾರ್ಯಕ್ರಮ ನಡೆಸುವುದು. ಚೆನ್ನಾಗಿ ನಡೆಸಿದರೆ, ನೋಡಲು ಬರುವ ಕಂಪನಿಯವರು ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿದ್ದರು. ಹಿಂದಿನ ದಿನ ತಾಲೀಮು. ವೇದಿಕೆಯ ಮೇಲೆ ಕಬ್ಬಿಣದ ಕಂಬಿಗೆ ಕಟ್ಟಿದ ದೊಡ್ಡ ಪರದೆ. ‘ಗೋ’ ಅಂದೊಡನೆ ಹಗ್ಗ ಹಿಡಿದ ಸಹಪಾಠಿ ಅದನ್ನು ಕಂಬಿಸಮೇತ ಒಮ್ಮೆಲೇ ಕೆಳಗೆ ಬಿಡಬೇಕು. ಅವನಿದ್ದ ಜಾಗದಿಂದ ವೇದಿಕೆ ಕಾಣುವುದಿಲ್ಲ, ಹೆಡ್‌ಸೆಟ್‌ನಲ್ಲಿ ಕಿವಿಗೆ ಬಿದ್ದದ್ದನ್ನೇ ನಂಬಬೇಕು.

ಇವಳು "ಪರದೆ ರೆಡಿ" ಅಂದಳು. ಅಷ್ಟರಲ್ಲಿ, ಹೆಡ್‌ಸೆಟ್ ಹಾಕಿಕೊಂಡೇ ಓಡಾಡುತ್ತಿದ್ದ ಗೆಳತಿ, ಬಿದ್ದಿದ್ದ ಹೂಗಳನ್ನು ಎತ್ತಲು ಕಂಬಿಯ ನೇರ ಕೆಳಗೆ ಬಂದು ಬಗ್ಗಿದಳು.

"ಗೋಡೆ ಕಡೆ ಸರಿಯೇ!" ಎಂದು ಇವಳು ಹೆಡ್‌ಸೆಟ್‌ನಲ್ಲೇ ಕೂಗಿದಳು.

ಹಗ್ಗದವನು ಮೊದಲ ಅಕ್ಷರಕ್ಕೇ ಕೈ ಬಿಟ್ಟ. ಹಾಗೆ ಮಾಡಬೇಕೆಂದು ಅವನಿಗೆ ಹೇಳಿಕೊಟ್ಟವಳೂ ಇವಳೇ.

ಕಂಬಿ ತಲೆಗೆ ಬಡಿದ ಗೆಳತಿ ಆಸ್ಪತ್ರೆ ಸೇರುವ ಮೊದಲೇ ತೀರಿಕೊಂಡಳು.

ಯೂನಿವರ್ಸಿಟಿಯ ವಿಚಾರಣೆಗೆ ನಾನೂ ಜೊತೆಗೆ ಹೋಗಿದ್ದೆ. "‘ಗೋ’ ಅಂದ್ಯಾ ಇಲ್ವಾ, ಅಷ್ಟು ಹೇಳಮ್ಮ," ಅಂದರು ಮೇಷ್ಟ್ರು.

"ಅಂದೆ ಸರ್."

ನನಗೆ ತಡೆಯಲಾಗಲಿಲ್ಲ. "ಅವಳು ಗೋಡೆ ಅಂದಿದ್ದು ಸ್ವಾಮಿ! ಆ ಹುಡುಗೀನ ಉಳಿಸೋಕೆ ಕೂಗಿದ್ದು!"

"ಸುಮ್ನಿರು ಚಿಕ್ಕಮ್ಮ," ಎಂದು ಅವಳು ನನ್ನ ಕೈ ಅದುಮಿದಳು. "ಪೂರ್ತಿ ಹೇಳಿದ್ರೆ ತಪ್ಪು ಅವನ ತಲೆಗೆ ಬರುತ್ತೆ. ಅವನಿಗೆ ಕೇಳ್ಸಿದ್ದು ಅಷ್ಟೇ."

ಓದು ಅಲ್ಲಿಗೆ ನಿಂತಿತು. ಈಗ ಬಟ್ಟೆಯಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿ ನೋಡಿದ್ದನ್ನು ಮಡಚಿಡುತ್ತಾಳೆ. ಮಾತಿಗೆ ಮಾತು ಕೊಡುವುದಂತೂ ಇಲ್ಲವೇ ಇಲ್ಲ. ಮನೆಯಲ್ಲಿ ನಾನೂ ಮಾತನ್ನು ತೂಗಿ ಆಡುತ್ತೇನೆ.

ಮೊನ್ನೆ ಮೈಮರೆತು, "ಗೋಧಿ ಹಿಟ್ಟಿನ ಡಬ್ಬ ಕೊಡೇ" ಅಂದುಬಿಟ್ಟೆ. ಮಾತು ಮುಗಿಯುವ ಮೊದಲೇ ಅವಳು ನನ್ನನ್ನು ಎಳೆದು, ಗೋಡೆಗೆ ಒತ್ತಿ ಹಿಡಿದು, ಮೇಲೆ ನೋಡುತ್ತ ನಿಂತಿದ್ದಳು.

"ಏನೂ ಬೀಳಲ್ಲ ಮಗಳೇ, ಬಿಡು," ಅಂದೆ. ಬಿಡಲಿಲ್ಲ.