ತಾಳಿ ಬೊಟ್ಟಿಗೆ ಹಚ್ಚಿದ ಮೂರು ಬತ್ತಿ

ನನ್ನ ಗಂಡ ಅಕ್ಕಸಾಲಿ. ನಾಗಮಂಗಲದ ಸುತ್ತ ಇವರು ಮಾಡಿದ ತಾಳಿ ಇಲ್ಲದ ಮನೆ ಕಡಿಮೆ. ಇವರ ಕಣ್ಣಿಗೆ ಪೊರೆ ಬರುತ್ತಿರುವುದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಚಿನ್ನ ಯಾರು ಕೊಡುತ್ತಾರೆ?

ಬೆಸುಗೆ ಹಾಕುವಾಗ ಗಾಳಿ ಆಡಬಾರದೆಂದು ಹಗಲಲ್ಲೂ ಬಾಗಿಲು ಮುಚ್ಚಿ ದೀಪ ಹಚ್ಚುತ್ತೇವೆ. ಆ ದೀಪದ ಉರಿಯನ್ನೇ ಕೊಳವೆಯಿಂದ ಚಿನ್ನದ ಮೇಲೆ ಊದುವುದು. ಒಂದು ಬತ್ತಿಯ ಉರಿಗೆ ಎಷ್ಟು ಉಸಿರು ಬೇಕೆಂದು ಇವರ ಎದೆಗೆ ಗೊತ್ತಿತ್ತು. ಕಣ್ಣು ಮಸುಕಾದ ಮೇಲೆ ಆ ಉಸಿರಿನ ಅಳತೆಯಲ್ಲೇ ಕೆಲಸ ನಡೆಯುತ್ತಿತ್ತು. ನಾನು ಇವರು ನೋಡಿಯೇ ಊದುತ್ತಾರೆ ಅಂದುಕೊಂಡಿದ್ದೆ.

ಪಟ್ಟಣದ ಕೋಟೆ ಕಾಯುವ ದಂಡಿಗೆ ಆಳು ಸೇರಿಸುತ್ತಿದ್ದ ವರ್ಷ ಅದು. ಸಿಂಧಘಟ್ಟದ ಒಬ್ಬ ಮುದುಕಿ ಮೊಮ್ಮಗಳಿಗೆ ತಾಳಿ ಮಾಡಿಸಲು ಬಂದಳು. ಗಂಡು ದಂಡಿಗೆ ಹೊರಡುವುದರೊಳಗೆ ಮದುವೆ ಆಗಬೇಕಿತ್ತು. ಚಿನ್ನ ಕೊಟ್ಟವರು ಕೆಲಸ ಮುಗಿಯುವ ತನಕ ಅಕ್ಕಸಾಲಿಯ ಎದುರೇ ಕೂರುವುದು ಪದ್ಧತಿ. ಅವಳೂ ಕೂತಳು.

“ಚಿನ್ನ ನಿನ್ನ ಉಗುರಲ್ಲಿ ಸೇರ್ಕೊಂಡಾತು ಆಚಾರಿ, ನೋಡ್ಕೊ,” ಎಂದಳು.

“ಉಗುರು ಕತ್ತರಿಸ್ಕೊಂಡೇ ಕುಂತಿವ್ನಿ ಕಣವ್ವ, ನಿನ್ನ ಬಾಯಿಗೆ ಎದ್ರುಕೊಂಡು,” ಎಂದರು ಇವರು.

ಅವಳು ನಕ್ಕಳು. ಅಷ್ಟರಲ್ಲಿ ಬೊಟ್ಟಿಗೆ ಕೂಡಿಸಬೇಕಾದ ಕೊಂಡಿ ಇವರ ಚಿಮಟದಿಂದ ಜಾರಿತು. ಎತ್ತಿಟ್ಟರು, ಮತ್ತೆ ಜಾರಿತು. ಮುದುಕಿಗೆ ಗೊತ್ತಾಗುತ್ತದೆಂದು ನನಗೆ ದಿಗಿಲಾಯಿತು. ಎಣ್ಣೆ ಹಾಕುವ ನೆಪದಲ್ಲಿ ದೀಪಕ್ಕೆ ಇನ್ನೆರಡು ಬತ್ತಿ ಸೇರಿಸಿ, ಕರ್ಪೂರವನ್ನೂ ಪುಡಿ ಮಾಡಿ ಉದುರಿಸಿದೆ. ಕೋಣೆಯೆಲ್ಲ ಝಗ್ಗನೆ ಬೆಳಕಾಯಿತು. ಚೆನ್ನಾಗಿ ಕಾಣಲಿ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು.

ಇವರು ಎಂದಿನ ಉಸಿರನ್ನೇ ಊದಿದರು. ಉರಿ ಮಾತ್ರ ಎಂದಿನದಾಗಿರಲಿಲ್ಲ. ಕೊಂಡಿ ಕೂಡುವ ಬದಲು ಬೊಟ್ಟಿನ ಅಂಚೇ ಕರಗಿ ಮುದುಡಿಹೋಯಿತು.

“ಏನ್ ಮಾಡ್ಬುಟ್ಟೆ ಆಚಾರಿ? ತಾಳಿ ಕಣಪ್ಪ ಅದು.”

“ಕೈ ತಪ್ತು ಕಣವ್ವ. ಮತ್ತೆ ಕರಗ್ಸಿ ಒಸ್ದಾಗಿ ಮಾಡ್ಕೊಡ್ತೀನಿ. ಕೂಲಿ ಬ್ಯಾಡ.”

ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಬೈದುಕೊಂಡಾದರೂ ಕೂರುತ್ತಿದ್ದಳು. ಕೈ ತಪ್ಪುವುದು ಯಾವ ಅಕ್ಕಸಾಲಿಗೂ ಇದ್ದದ್ದೇ. ನಾನು ತಡೆಯಲಾರದೆ ಬಾಯಿ ಹಾಕಿದೆ.

“ಅವರ ಕೈ ತಪ್ಪಲಿಲ್ಲ. ಬತ್ತಿ ಜಾಸ್ತಿ ಮಾಡ್ದೋಳು ನಾನು.”

“ಯಾಕವ್ವ? ಒಂದು ಬತ್ತಿ ಸಾಲ್ದಾ ನಿನ್ನ ಗಂಡಂಗೆ?”

ಮುದುಕಿ ಇವರ ಕಡೆ ತಿರುಗಿ, “ಕೊಂಡಿ ಎಲ್ಲೈತೆ, ತೋರ್ಸು ಆಚಾರಿ,” ಎಂದಳು. ಇವರು ಬೆರಳಿಟ್ಟರು. ಇಟ್ಟದ್ದು ಬೆಸುಗೆಗೆಂದು ಇಟ್ಟುಕೊಂಡಿದ್ದ ಬಿಳಿಗಾರದ ಚೂರಿನ ಮೇಲೆ. ಕೂಡದೆ ಜಾರಿದ ಕೊಂಡಿ ಗೇಣು ದೂರದಲ್ಲಿತ್ತು.

ಅವಳು ಬೈಯಲಿಲ್ಲ. ಬೊಟ್ಟನ್ನೂ ಕೊಂಡಿಯನ್ನೂ ಆಯ್ದು ಸೆರಗಿನಲ್ಲಿ ಗಂಟು ಹಾಕಿಕೊಂಡು, “ಬೆಳ್ಳೂರಲ್ಲಿ ಮಾಡುಸ್ಕೊತೀನಿ ಬುಡಪ್ಪ,” ಎಂದು ಹೊರಟಳು. ಅವಳು ಯಾರಿಗೂ ಸಾರದೆ ಇದ್ದಿರಬಹುದು. ಆದರೆ ತಾಳಿ ಬೆಳ್ಳೂರಿಗೆ ಯಾಕೆ ಹೋಯಿತು ಎಂದು ಜನ ಕೇಳದೆ ಇರುತ್ತಾರೆಯೇ? ದೀಪಾವಳಿ ಹೊತ್ತಿಗೆ ನಮ್ಮ ಮನೆಗೆ ಚಿನ್ನ ಬರುವುದು ನಿಂತಿತು.

ಈಗ ಇವರ ಜಾಗದಲ್ಲಿ, ಇವರಿಂದಲೇ ಕೆಲಸ ಕಲಿತ ನನ್ನ ಮೈದುನ ಕೂರುತ್ತಾನೆ; ಅವನನ್ನು ನಂಬಿ ಜನ ಮತ್ತೆ ಚಿನ್ನ ಕೊಡುತ್ತಾರೆ. ಇವರು ಅವನಿಗೆ ತಿದಿ ಒತ್ತುತ್ತಾರೆ. ನನ್ನ ಮೇಲೆ ಒಂದು ದಿನವೂ ರೇಗಿಲ್ಲ. ರೇಗಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಊಟಕ್ಕೆ ಕರೆದರೆ, “ಅವ್ನಿಗೆ ಮೊದ್ಲು ಇಕ್ಕು. ದುಡಿಯೋ ಕೈ ಅವ್ನದು,” ಎನ್ನುತ್ತಾರೆ. ಅವನಿಗೇ ಮೊದಲು ಇಕ್ಕುತ್ತೇನೆ.